ಡಿಕೆಂಬೆ ಮುಟೊಂಬೊ ಅವರ ಆಟವೂ ಆಸ್ಪತ್ರೆಯೂ

ಬಾಸ್ಕೆಟ್‌ಬಾಲ್ ಎಂಬ ಆಟವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಹೈಸ್ಕೂಲಿನ ಬಯಲಿನಲ್ಲಿಯೋ ಕಾಲೇಜಿನ ಅಂಗಳದಲ್ಲಿಯೋ ಕಂಡಿರುವರು. ನೆಲದಿಂದ 10 ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ. ಅದಕ್ಕೆ ತೂಗಬಿಟ್ಟ ತಳವಿಲ್ಲದ ಬಲೆ. ಕಡೆಗೆ ಐವರಂತೆ ಹತ್ತು ಮಂದಿ ಒಂದೇ ಚೆಂಡಿಗಾಗಿ ಓಡಾಡುವರು. 1891ರಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಕಾಲಿಡಲಾರದ ತರುಣರಿಗೆ ಮನೆಯೊಳಗೇ ವ್ಯಾಯಾಮವಾಗಲೆಂದು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಕಲ್ಪಿಸಿದರು. ಬುಟ್ಟಿ ಹೋಗಿ ಬಳೆ ಬಂದಿತು. ಹೆಸರು ಮಾತ್ರ ಉಳಿಯಿತು.

ಈ ಆಟದಲ್ಲಿ ಚೆಂಡನ್ನು ಬಳೆಯೊಳಗೆ ಇಳಿಸಿದವನಿಗೆ ಅಂಕಗಳೂ ಉಂಟು, ಚಪ್ಪಾಳೆಯೂ ಉಂಟು. ಇಳಿಸಬಂದವನನ್ನು ತಡೆದವನ ಲೆಕ್ಕಕ್ಕಾದರೋ ಒಂದು ಅಂಕವೂ ಸೇರುವುದಿಲ್ಲ. ಎದುರಾಳಿಯ ಕೈಬಿಟ್ಟ ಚೆಂಡು ಮೇಲೇರುತ್ತಿರುವಾಗಲೇ ಅದನ್ನು ಬಡಿದು ಹಾಕಬೇಕು. ಅದು ಬಳೆಯ ಕಡೆಗೆ ಇಳಿಯತೊಡಗಿದ ಮೇಲೆ ಬೆರಳು ತಗುಲಿದರೂ ಅಂಕವು ಎದುರಾಳಿಗೇ ಸಲ್ಲುವುದು. ಕ್ಷಣದ ಒಂದಂಶದಲ್ಲಿ ಮುಗಿದುಹೋಗುವ ಈ ವಿದ್ಯೆಯನ್ನು ಅಮೆರಿಕಾದ ವೃತ್ತಿಯಾಟಗಾರರ ದೊಡ್ಡ ಕೂಟವಾದ ಎನ್.ಬಿ.ಎ.ಯವರು 1973ನೆಯ ಇಸವಿಯವರೆಗೆ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಲೇ ಇರಲಿಲ್ಲ. ಬರೆದಿಡತೊಡಗಿದಂದಿನಿಂದ ಇಂದಿನವರೆಗೆ ಅತ್ಯಧಿಕವಾಗಿ ತಡೆದವರು ನೈಜೀರಿಯಾ ದೇಶದಲ್ಲಿ ಹುಟ್ಟಿದ ಹಕೀಮ್ ಒಲಾಜುವನ್ ಅವರು, 3,830 ಸಲ. ಎರಡನೆಯವರು ಕಾಂಗೋ ದೇಶದಲ್ಲಿ ಹುಟ್ಟಿದ ಡಿಕೆಂಬೆ ಮುಟೊಂಬೊ ಅವರು, 3,289 ಸಲ. ಈ ಎರಡನೆಯವರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಎಣಿಸಿದ್ದೆವು. ಅವರು ವೈದ್ಯರಾಗಬೇಕೆಂದು ಮನೆಬಿಟ್ಟು ಹೊರಟವರು, ವೈದ್ಯರಾಗಲಿಲ್ಲ.

ಮುಟೊಂಬೊ ಅವರು 1966ನೆಯ ಇಸವಿ ಜೂನ್ 25ರಂದು ಕಾಂಗೋ ದೇಶದ ರಾಜಧಾನಿಯಲ್ಲಿ ಜನಿಸಿದರು. ಬೆಲ್ಜಿಯಂ ದೇಶದವರ ಆಳ್ವಿಕೆಯಿಂದ ಕಾಂಗೋ ಬಿಡುಗಡೆ ಹೊಂದಿ ಆಗ ಆರು ವರ್ಷಗಳಾಗಿದ್ದುವು. ಬೆಲ್ಜಿಯಂ ದೊರೆಯ ಹೆಸರನ್ನು ಹೊತ್ತು ಲಿಯೋಪೋಲ್ಡ್‌ವಿಲ್ ಎನಿಸಿಕೊಂಡಿದ್ದ ಆ ನಗರಕ್ಕೆ ಕಿನ್ಶಾಸಾ ಎಂಬ ಹೆಸರು ಬಂದುದೂ ಅದೇ ವರ್ಷ. ತಂದೆ ಸಾಮ್ಯುಯೆಲ್ ಅವರು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ತರುವಾಯ ವಿದ್ಯಾ ಇಲಾಖೆಯಲ್ಲಿ ಕೆಲಸಮಾಡಿದವರು. ತಾಯಿ ಬಿಯಾಂಬಾ ಮರೀ. ಬಹುಮಕ್ಕಳ ತುಂಬು ಸಂಸಾರ. ಮೇಷ್ಟರ ಮನೆಯಲ್ಲಿ ಓದಿಗೆ ಮೊದಲ ಮಣೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯವಿದ್ಯೆಗೆ ತಳಹದಿಯಾಗಲೆಂದು ಬಾಲಕನು ಪಾಠಗಳ ಬಿಗಿಗೆ ಹೆಸರಾದ ಬೋಬೋಟೊ ಕಾಲೇಜನ್ನು ಸೇರಿದನು. ಆಡುತ್ತಿದ್ದುದು ಕಾಲ್ಚೆಂಡು, ಅದರಲ್ಲಿಯೂ ಗೋಲು ಕಾಯುವ ಕೆಲಸ. ಬಾಸ್ಕೆಟ್‌ಬಾಲಿನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ. ಆದರೆ ಮೈ ಬೆಳೆದ ಬಗೆ ನೋಡಿದ ಮನೆಯವರು ಸುಮ್ಮನಿರುವರೆ? ಕಡೆಗೆ ಅವರ ಎತ್ತರವು 7 ಅಡಿ 2 ಅಂಗುಲಕ್ಕೆ ನಿಂತಿತು. ಮನೆಯವರ ಒತ್ತಾಯದಿಂದ ಹದಿಹರೆಯದಲ್ಲಿ ಆ ಆಟಕ್ಕೆ ಇಳಿದರು. ಗೋಲು ಕಾದ ಕಣ್ಣು ಬಳೆ ಕಾಯಲು ಒದಗಿತು.

1987ರಲ್ಲಿ ಅಮೆರಿಕಾ ಸರ್ಕಾರದವರ ವಿದ್ಯಾರ್ಥಿವೇತನವು ದೊರೆತು ಅವರು ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಆ ವೇತನವು ಆಟಕ್ಕಾಗಿ ಕೊಟ್ಟುದಲ್ಲ, ಓದಿಗಾಗಿ ಕೊಟ್ಟುದು. ವೈದ್ಯರಾಗಿ ಊರಿಗೆ ಹಿಂದಿರುಗಬೇಕೆಂಬುದೇ ಸಂಕಲ್ಪ. ಫ್ರೆಂಚೂ ಕಾಂಗೋ ದೇಶದ ಹಲವು ನುಡಿಗಳೂ ಅವರಿಗೆ ಬರುತ್ತಿದ್ದುವು. ಇಂಗ್ಲಿಷು ಮಾತ್ರ ಬಾರದು. ಮೊದಲ ವರ್ಷವೆಲ್ಲ ಭಾಷೆ ಕಲಿಯುವುದರಲ್ಲಿಯೇ ಹೋಯಿತು. ಎರಡನೆಯ ವರ್ಷ ಅಲ್ಲಿಯ ಆಟದ ಶಿಕ್ಷಕರಾದ ಜಾನ್ ಥಾಮ್ಸನ್ ಅವರು ಈ ಎತ್ತರದ ಹುಡುಗನನ್ನು ತಂಡಕ್ಕೆ ಕರೆದುಕೊಂಡರು. ಥಾಮ್ಸನ್ ಅವರೂ ಆಜಾನುಬಾಹು. ತಮ್ಮ ಕಾಲದಲ್ಲಿ ಬಾಸ್ಟನ್ ತಂಡದಲ್ಲಿ ವೃತ್ತಿಯಾಟ ಆಡಿದ್ದವರು. ಶಿಷ್ಯರು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದರಲ್ಲಿ ಅವರ ಹಟ ಪ್ರಸಿದ್ಧವಾದುದು. ಅದೇ ತಂಡದಲ್ಲಿ ಅಲೊಂಜೊ ಮೋರ್ನಿಂಗ್ ಎಂಬ ಮತ್ತೊಬ್ಬ ಎತ್ತರದ ತರುಣನಿದ್ದನು. ಇಬ್ಬರೂ ಕೂಡಿ ಬಳೆಯ ಮುಂದೆ ನಿಂತರೆ ಎದುರಾಳಿಗೆ ಆಕಾಶವೇ ಮುಚ್ಚಿದಂತಾಗುತ್ತಿದ್ದಿತು.

ವೈದ್ಯಶಾಸ್ತ್ರದ ಓದೂ ದಿನದಿನದ ಆಟದ ಅಭ್ಯಾಸವೂ ಒಂದಕ್ಕೊಂದು ಹೊಂದಲಿಲ್ಲ. ಮುಟೊಂಬೊ ಅವರು ವೈದ್ಯದ ಹಾದಿಯನ್ನು ಬಿಟ್ಟು, 1991ರಲ್ಲಿ ಭಾಷಾಶಾಸ್ತ್ರ ಮತ್ತು ರಾಜನೀತಿಗಳಲ್ಲಿ ಪದವಿ ಪಡೆದರು. ವಿದ್ಯಾರ್ಥಿದೆಸೆಯ ಬೇಸಗೆಯ ರಜಗಳಲ್ಲಿ ಒಮ್ಮೆ ಅಮೆರಿಕಾದ ಶಾಸನಸಭೆಯಲ್ಲಿಯೂ ಒಮ್ಮೆ ವಿಶ್ವಬ್ಯಾಂಕಿನಲ್ಲಿಯೂ ಉಮೇದುವಾರರಾಗಿ ಕೆಲಸ ಕಲಿತರು. ಆಟದಿಂದ ಬರುವ ಕೀರ್ತಿ ಒಂದು ದಿನ ಮುಗಿಯುವುದೆಂದು ಆ ವಯಸ್ಸಿನಲ್ಲಿಯೇ ತಿಳಿದಿದ್ದವರ ನಡತೆ ಇದು ಎಂದು ನಮಗೆ ತೋರುವುದು.

ಅದೇ 1991ರಲ್ಲಿ ಡೆನ್ವರ್ ನಗರದ ನಗೆಟ್ಸ್ ತಂಡದವರು ಆ ವರ್ಷದ ಹೊಸ ಆಟಗಾರರ ಸಾಲಿನಲ್ಲಿ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡರು. ಹೊಸಬರಿಗೆ ಹಳಬರು ಪಾಠ ಕಲಿಸುವ ಪದ್ಧತಿ ಎಲ್ಲ ಕಡೆಯಲ್ಲಿಯೂ ಉಂಟಷ್ಟೆ. ಆ ನವೆಂಬರಿನಲ್ಲಿ ಡೆನ್ವರಿಗೆ ಆಡಬಂದ ಮೈಕೆಲ್ ಜೋರ್ಡನ್ ಅವರು, ಫೌಲಿಗೆ ಪ್ರತಿಯಾಗಿ ಚೆಂಡೆಸೆಯಲು ನಿಂತಾಗ, ಇದು ನಿನಗಾಗಿ ಎಂದು ಮುಟೊಂಬೊ ಅವರಿಗೆ ಹೇಳಿ, ಎರಡು ಕಣ್ಣುಗಳನ್ನೂ ಮುಚ್ಚಿಕೊಂಡು ಎಸೆದರು. ಚೆಂಡು ಬಳೆಯೊಳಗೆ ಇಳಿಯಿತು! ಈ ಚೇಷ್ಟೆಯನ್ನು ನೋಡಿ ನಕ್ಕವರಿಗೆ ಲೆಕ್ಕವಿಲ್ಲ. ಆದರೆ ನಗಿಸಿಕೊಂಡ ಹೊಸಬರು ಅದೇ ವರ್ಷ ಕೂಟದ ಶ್ರೇಷ್ಠರ ಪ್ರದರ್ಶನದಾಟಕ್ಕೆ ಆರಿಸಲ್ಪಟ್ಟರೆಂಬುದನ್ನೂ ಹೇಳಬೇಕು. ಒಟ್ಟು ಎಂಟು ಸಲ ಅವರಿಗೆ ಆ ಮನ್ನಣೆ ಸಂದಿತು.

ಎದುರಾಳಿಯ ಚೆಂಡನ್ನು ಬಡಿದು ಹಾಕಿದ ಬಳಿಕ ಬಲಗೈಯ ತೋರುಬೆರಳನ್ನೆತ್ತಿ, ಹಟಮಾಡುವ ಮಗುವಿಗೆ ಅಜ್ಜಿಯು ‘ಊಹೂಂ’ ಎನ್ನುವ ರೀತಿಯಲ್ಲಿ ಅತ್ತಿತ್ತ ಆಡಿಸುವುದು ಅವರ ರೂಢಿಯಾಯಿತು. ನೋಡಬಂದವರಿಗೆ ಇದು ಬಲು ಮೆಚ್ಚಿಕೆ. ಎದುರಾಳಿಗಳಿಗೆ ಮೈಯೆಲ್ಲ ಉರಿ. ಕಡೆಗೆ ಕೂಟದವರು, ಎದುರಾಳಿಯ ಮುಖದ ಮುಂದೆ ಬೆರಳಾಡಿಸುವುದು ಹೀಯಾಳಿಕೆಯೆಂದು ದಂಡ ವಿಧಿಸತೊಡಗಿದರು. ಮುಟೊಂಬೊ ಅವರು ಬೆರಳನ್ನು ಮಡಿಸಲಿಲ್ಲ. ಎದುರಾಳಿಯ ಕಡೆಯಿಂದ ತಿರುಗಿ ಪ್ರೇಕ್ಷಕರ ಕಡೆಗೆ ಆಡಿಸಿದರು. ಅದಕ್ಕೆ ನಿಷೇಧವಿರಲಿಲ್ಲ. ಅವರ ಮೊಳಕೈಗಳ ವಿಷಯದಲ್ಲಿ ಮಾತ್ರ ನಾವು ವಕಾಲತ್ತು ವಹಿಸಲಾರೆವು. ಬಳೆಯ ಕೆಳಗಣ ನೂಕಾಟದಲ್ಲಿ ಅವುಗಳಿಂದ ಪೆಟ್ಟು ತಿಂದವರು ಬಹಳ ಮಂದಿ.

ಡೆನ್ವರಿನ ದಿನಗಳಲ್ಲಿ ಮುಖ್ಯವಾದುದು 1994ರ ವಸಂತಕಾಲದ ಸ್ಪರ್ಧೆ. ವರ್ಷವೆಲ್ಲ ಆಡಿದ ಮೇಲೆ ಪಶ್ಚಿಮ ವಿಭಾಗದ ಮೊದಲ ಎಂಟು ತಂಡಗಳು ಆಗ ಪ್ರಶಸ್ತಿಯ ಸುತ್ತಿಗೆ ಬರುತ್ತಿದ್ದುವು. ಮೊದಲನೆಯದಕ್ಕೂ ಎಂಟನೆಯದಕ್ಕೂ ಮೊದಲ ಜೋಡಿ. ಮೊದಲನೆಯದಾದ ಸಿಯಾಟಲ್ ತಂಡವು ಆ ವರ್ಷ 82 ಆಟಗಳಲ್ಲಿ 63ನ್ನು ಗೆದ್ದಿದ್ದಿತು; ಎಂಟನೆಯದಾದ ಡೆನ್ವರ್ 42ನ್ನು. ಅಲ್ಲಿಯವರೆಗೆ ಎಂಟನೆಯ ತಂಡವು ಮೊದಲನೆಯದನ್ನು ಸೋಲಿಸಿದುದು ಒಮ್ಮೆಯೂ ಇಲ್ಲ. ಐದು ಆಟಗಳಲ್ಲಿ ಮೂರನ್ನು ಗೆದ್ದವರಿಗೆ ಜಯ. ಮೊದಲ ಎರಡನ್ನೂ ಸಿಯಾಟಲಿನವರು ನಿರೀಕ್ಷೆಯಂತೆಯೇ ಗೆದ್ದರು. ಮೂರನೆಯದನ್ನೂ ನಾಲ್ಕನೆಯದನ್ನೂ ಡೆನ್ವರಿನವರು ತಮ್ಮ ಊರಿನಲ್ಲಿ ಗೆದ್ದರು. ಮೇ 7ರಂದು ಸಿಯಾಟಲಿನಲ್ಲಿ ಐದನೆಯ ಆಟ. ಹೊತ್ತು ಮುಗಿದಾಗ ಅಂಕಗಳು ಸಮಸಮ; ಹೆಚ್ಚಿನ ಹೊತ್ತು ಆಡಬೇಕಾಯಿತು; 98ಕ್ಕೆ 94ರಂತೆ ಡೆನ್ವರಿನವರು ಗೆದ್ದರು. ಕೊನೆಯ ಚೆಂಡು ಮುಟೊಂಬೊ ಅವರ ಕೈಗೆ ಬಂದಿತು. ಅವರು ನೆಲದ ಮೇಲೆ ಬೆನ್ನಡಿಯಾಗಿ ಬಿದ್ದುಕೊಂಡು, ಚೆಂಡನ್ನು ಎರಡು ಕೈಗಳಿಂದಲೂ ಅವುಚಿ ತಲೆಯ ಮೇಲಕ್ಕೆ ಹಿಡಿದು, ಬಾಯಿ ತುಂಬ ನಗುತ್ತಿದ್ದರು. ಆ ಚಿತ್ರವನ್ನು ನೋಡಿದವರು ಮರೆಯಲಾರರು: ಆರಡಿಗಳನ್ನು ಎಷ್ಟೋ ಮೀರಿದ ಗಂಡಸು, ಜಾತ್ರೆಯಲ್ಲಿ ಬೇಕಾದ ಆಟಿಕೆ ದೊರೆತ ಹುಡುಗನ ಮುಖ. ಆ ಐದು ಆಟಗಳಲ್ಲಿ ಅವರು ತಡೆದುದು 31 ಸಲ.

1996ರಲ್ಲಿ ಅವರು ಐದು ವರ್ಷಗಳಿಗೆ ಸುಮಾರು 5½ ಕೋಟಿ ಡಾಲರುಗಳ ಕರಾರಿನ ಮೇಲೆ ಅಟ್ಲಾಂಟಾ ನಗರದ ಹಾಕ್ಸ್ ತಂಡವನ್ನು ಸೇರಿದರು. ಇಷ್ಟು ಹಣವು ಒಬ್ಬನ ಕೈಗೆ ಬಂದರೆ ಅವನು ಏನು ಮಾಡುವನೆಂಬುದರ ಮೇಲೆ ಅವನ ಯೋಗ್ಯತೆಯನ್ನು ಅಳೆಯಬಹುದು. ಅದೇ ವರ್ಷ ಅಟ್ಲಾಂಟಾದಲ್ಲಿಯೇ ಒಲಿಂಪಿಕ್ ಪಂದ್ಯಗಳು ನಡೆದುವು. ಆಗ ಜಾಯಿರ್ ಎಂದು ಕರೆಯಲ್ಪಡುತ್ತಿದ್ದ ಅವರ ದೇಶದಿಂದ ಹೆಂಗಸರ ಬಾಸ್ಕೆಟ್‌ಬಾಲ್ ತಂಡವು ಬಂದಿದ್ದಿತು. ಆ ಹೆಣ್ಣುಮಕ್ಕಳ ಉಡುಪಿನ ವೆಚ್ಚವನ್ನೂ ಇತರ ವೆಚ್ಚಗಳನ್ನೂ ಮುಟೊಂಬೊ ಅವರು ತಾವೇ ವಹಿಸಿಕೊಂಡರು. ತೀರಿಕೊಂಡ ಸೋದರರ ನಾಲ್ವರು ಮಕ್ಕಳನ್ನು ತಮ್ಮ ಮಕ್ಕಳನ್ನಾಗಿ ಮಾಡಿಕೊಂಡು, ಪತ್ನಿ ರೋಸ್ ಅವರೊಡನೆ, ತಮ್ಮ ಮೂವರು ಮಕ್ಕಳ ಜೊತೆಯಲ್ಲಿ ಬೆಳೆಸಿದರು. ಅಣ್ಣತಮ್ಮಂದಿರ ಮಕ್ಕಳನ್ನು ಬೇರೆಯೆಂದು ಎಣಿಸದ ಮನೆಗಳು ನಮ್ಮಲ್ಲಿ ಇನ್ನೂ ಉಂಟಾದುದರಿಂದ ವಾಚಕರಿಗೆ ಇದು ಅಪೂರ್ವವೆನಿಸದು. ಆದರೆ ಅಂಥ ಮನೆಯನ್ನು ನಡೆಸಿದ ಗೃಹಿಣಿಯರಿಗೆ ಅದರ ಭಾರ ಎಷ್ಟೆಂಬುದು ತಿಳಿದಿದೆ. 1997ರಲ್ಲಿ ಅವರು ತಮ್ಮ ಹೆಸರಿನ ಧರ್ಮಸಂಸ್ಥೆಯೊಂದನ್ನು ಸ್ಥಾಪಿಸಿದರು. ಕಾಂಗೋ ಜನರ ಆರೋಗ್ಯವೂ ವಿದ್ಯೆಯೂ ಅದರ ಉದ್ದೇಶ.

ಆ ಕಾಲದಲ್ಲಿ ಕಾಂಗೋ ದೇಶವು ಹೊತ್ತಿ ಉರಿಯುತ್ತಿದ್ದಿತು. ಮೂವತ್ತು ವರ್ಷಗಳಿಗೂ ಮೀರಿ ಆಳಿದ ಮೊಬುಟು 1997ರಲ್ಲಿ ಓಡಿಹೋದರು. ಹೊಸ ಸರ್ಕಾರ ಬಂದು, ಮರುವರ್ಷವೇ ಮತ್ತೊಂದು ಯುದ್ಧವು ತೊಡಗಿತು. ಆ ಗಲಭೆಯ ದಿನಗಳಲ್ಲಿ ಒಂದು ದಿನ ಕಿನ್ಶಾಸಾದ ಮನೆಯಲ್ಲಿ ತಾಯಿ ಬಿಯಾಂಬಾ ಮರೀ ಅವರಿಗೆ ಕಾಯಿಲೆ ಉಲ್ಬಣಿಸಿತು. ಆಸ್ಪತ್ರೆಗೆ ಕರೆದೊಯ್ಯಬೇಕು, ಬೀದಿಗಳಲ್ಲಿ ಓಡಾಡುವಂತಿಲ್ಲ. ಆಸ್ಪತ್ರೆಯನ್ನು ಮುಟ್ಟಲಾಗದೆ ಅವರು ಮನೆಯಲ್ಲಿಯೇ ಪ್ರಾಣಬಿಟ್ಟರು. ಮಗನ ಬಳಿ ಹಣವಿದ್ದಿತು. ಪ್ರಪಂಚದ ಯಾವ ವೈದ್ಯರನ್ನಾದರೂ ಕರೆಸಬಹುದಾಗಿದ್ದಿತು. ಸಾಗರದಾಚೆ ಇದ್ದ ಆ ಹಣವು ತಾಯಿಯನ್ನು ಒಂದು ಬೀದಿಯನ್ನೂ ದಾಟಿಸಲಿಲ್ಲ. ವೈದ್ಯನಾಗಿ ಬರುವೆನೆಂದು ಹೇಳಿ ಹೋದ ಮಗನಿಗೆ ಈ ಸುದ್ದಿ ಹೇಗೆ ತಾಗಿರಬೇಕೆಂಬುದನ್ನು ನಾವು ಬರೆಯಹೊರಡುವುದು ಉಚಿತವಲ್ಲ. ಊರಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿಸುವುದೆಂದೂ ಅದಕ್ಕೆ ತಾಯಿಯ ಹೆಸರನ್ನಿಡುವುದೆಂದೂ ಅವರು ನಿಶ್ಚಯಿಸಿದರು.

ನಿಶ್ಚಯವು ಸುಲಭ, ಕಟ್ಟಡವು ಕಷ್ಟ. ಮನೆ ಕಟ್ಟಿಸಿದ ಪ್ರತಿಯೊಬ್ಬ ಗೃಹಸ್ಥನೂ ಇದನ್ನು ಬಲ್ಲನು. ಕಿನ್ಶಾಸಾದ ಅಂಚಿನಲ್ಲಿ, ವಿಮಾನನಿಲ್ದಾಣಕ್ಕೆ ಹತ್ತಿರವಾದ ಮಸೀನಾ ಎಂಬ ಬಡವರ ಬಡಾವಣೆಯಲ್ಲಿ, ಜನನಿಬಿಡವಾದ ಸಂತೆಯ ಸಮೀಪದಲ್ಲಿ 12 ಎಕರೆ ನೆಲವು ದೊರೆಯಿತು. 2001ರಲ್ಲಿ ಗುದ್ದಲಿಪೂಜೆಯಾಯಿತೆಂದು ನಮ್ಮ ಭಾಷೆಯಲ್ಲಿ ಹೇಳಬಹುದು. ಆಮೇಲೆ ಮೂರು ವರ್ಷ ಕಲ್ಲಿನ ಮೇಲೆ ಕಲ್ಲು ಕೂರಲಿಲ್ಲ. ಮುಟೊಂಬೊ ಅವರು ಮೊದಲಲ್ಲಿ ತಮ್ಮ ಕೈಯಿಂದ 35 ಲಕ್ಷ ಡಾಲರುಗಳನ್ನು ಕೊಟ್ಟಿದ್ದರೂ ಇತರರ ಚಂದಾ ಬರಲಿಲ್ಲ. ಕೋಟಿಗಟ್ಟಲೆ ಸಂಪಾದಿಸುವ ಜೊತೆಯಾಟಗಾರರೇ ಇದ್ದ ಕೂಟದಲ್ಲಿಯೂ ಚಂದಾಪಟ್ಟಿ ಹಿಡಿದು ಹೋದವನ ಪಾಡು ಎಲ್ಲೆಡೆಯ ಪಾಡೇ ಆಯಿತು. ನೆಲವನ್ನು ಬಳಸದೆ ಖಾಲಿ ಬಿಟ್ಟಿರುವರೆಂಬ ಕಾರಣದಿಂದ ಸರ್ಕಾರವು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿದ್ದಿತು. ಯುದ್ಧದಿಂದ ಓಡಿಬಂದ ನಿರಾಶ್ರಿತರು ಆ ಬಯಲಿನಲ್ಲಿ ಬೇಸಾಯ ಹೂಡಿದ್ದರು. ಅವರಿಗೆ ಹಣಕೊಟ್ಟು ನೆಲವನ್ನು ಬಿಡಿಸಿಕೊಳ್ಳಬೇಕಾಯಿತು. ಇವೆಲ್ಲಕ್ಕೂ ಮಿಗಿಲಾಗಿ, ಈ ಮನುಷ್ಯನು ಆಸ್ಪತ್ರೆಯ ನೆವದಿಂದ ರಾಜಕೀಯಕ್ಕೆ ಇಳಿಯುವನೋ ಏನೋ ಎಂಬ ಸಂಶಯವು ಕೆಲವರಿಗೆ. ಪರದೇಶದಲ್ಲಿ ಗಳಿಸಿ ಊರಿಗೆ ಉಪಕಾರ ಮಾಡಬಂದವನನ್ನು ಊರು ಮೊದಲು ಅನುಮಾನದಿಂದಲೇ ನೋಡುವುದು, ಕಾಂಗೋದಲ್ಲಿ ಮಾತ್ರವೇನು! 2004ರಲ್ಲಿ ಕಟ್ಟಡದ ಕೆಲಸವು ಮೊದಲಾಯಿತು.

ಇಷ್ಟರಲ್ಲಿ ಆಟವೇನೂ ನಿಂತಿರಲಿಲ್ಲ. ನೆಲ ಅಗೆದ 2001ನೆಯ ವರ್ಷವೇ ಅವರ ಆಟದ ಜೀವನದ ದೊಡ್ಡ ವರ್ಷವೂ ಹೌದು. ಫೆಬ್ರವರಿಯಲ್ಲಿ ಅವರು ಫಿಲಡೆಲ್ಫಿಯಾ ತಂಡಕ್ಕೆ ವರ್ಗವಾದರು. ಅಲ್ಲಿ ಆರಡಿ ಎತ್ತರದ ಅಲೆನ್ ಐವರ್ಸನ್ ಅವರೂ ಇವರೂ ಕೂಡಿ ತಂಡವನ್ನು ಅಂತಿಮ ಸ್ಪರ್ಧೆಗೆ ಮುಟ್ಟಿಸಿದರು. ಅತ್ಯುತ್ತಮ ರಕ್ಷಣೆಯ ಆಟಗಾರನೆಂಬ ವಾರ್ಷಿಕ ಪ್ರಶಸ್ತಿಯು 1995, 1997 ಮತ್ತು 1998ರ ಬಳಿಕ ಆ ವರ್ಷ ನಾಲ್ಕನೆಯ ಸಲ ಅವರಿಗೆ ದೊರೆಯಿತು. ಅಂತಿಮ ಸ್ಪರ್ಧೆಯಲ್ಲಿ ಎದುರಿಗಿದ್ದವರು ಲಾಸ್ ಏಂಜಲೀಸ್ ತಂಡದ ಶಕೀಲ್ ಓ’ನೀಲ್, ಪರ್ವತಪ್ರಾಯರಾದವರು. ಮೊದಲ ಆಟವನ್ನು ಫಿಲಡೆಲ್ಫಿಯಾದವರು ಗೆದ್ದರು; ಮುಂದಿನ ನಾಲ್ಕನ್ನೂ ಸೋತರು. ಓ’ನೀಲ್ ಅವರು ಆಟಕ್ಕೆ ಸರಾಸರಿ 33 ಅಂಕಗಳನ್ನು ಗಳಿಸಿದರು. ತಡೆಯುವುದರಲ್ಲಿ ಅದ್ವಿತೀಯರೆನಿಸಿದವರಿಗೂ ತಡೆಯಲಾಗದ ಒಬ್ಬನಿದ್ದನು. 2003ರಲ್ಲಿ ನ್ಯೂಜೆರ್ಸಿ ತಂಡದೊಡನೆ ಮತ್ತೊಮ್ಮೆ ಅಂತಿಮ ಸ್ಪರ್ಧೆ, ಮತ್ತೊಮ್ಮೆ ಸೋಲು. ಪ್ರಥಮ ಪ್ರಶಸ್ತಿಯ ಉಂಗುರವು ಅವರ ಬೆರಳಿಗೆ ಕಡೆಯವರೆಗೂ ಬರಲಿಲ್ಲ.

2004ರಿಂದ ಅವರು ಹ್ಯೂಸ್ಟನ್ ನಗರದ ರಾಕೆಟ್ಸ್ ತಂಡದಲ್ಲಿದ್ದರು. ಅಲ್ಲಿ ಚೀನಾ ದೇಶದ ಯಾವೊ ಮಿಂಗ್ ಅವರು ಮುಖ್ಯರು. ಇವರು ಅವರ ಬೆನ್ನಿಗೆ. ವಯಸ್ಸು ನಲವತ್ತನ್ನು ಸಮೀಪಿಸಿದ್ದಿತು. ನಿಜವಾದ ವಯಸ್ಸು ಇನ್ನೂ ಹೆಚ್ಚೆಂದು ಜೊತೆಗಾರರು ತಮಾಷೆ ಮಾಡುವರು; ಇವರು ತಮ್ಮ ಗೊಗ್ಗರು ದನಿಯಲ್ಲಿ ನಗುವರು. 2007ರ ಮಾರ್ಚಿನಲ್ಲಿ, 40ನೆಯ ವಯಸ್ಸಿನಲ್ಲಿ, ತಮ್ಮ ಹಳೆಯ ಡೆನ್ವರ್ ತಂಡದ ಎದುರಿಗೇ ಒಂದೇ ಆಟದಲ್ಲಿ ಬಳೆಗೆ ಬಡಿದು ಮರಳಿದ ಚೆಂಡನ್ನು 22 ಸಲ ಕೈವಶ ಮಾಡಿಕೊಂಡರು. ಆ ವಯಸ್ಸಿನಲ್ಲಿ ಇಪ್ಪತ್ತನ್ನು ಮೀರಿದವರು ಆ ಕೂಟದಲ್ಲಿ ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಮರುವರ್ಷ ಹ್ಯೂಸ್ಟನ್ ತಂಡವು ಸಾಲಾಗಿ 12 ಆಟಗಳನ್ನು ಗೆದ್ದಿದ್ದಾಗ ಯಾವೊ ಮಿಂಗ್ ಅವರ ಪಾದದ ಮೂಳೆ ಮುರಿಯಿತು. ಗೆಲುವು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಎಣಿಸಿದರು. 41 ವರ್ಷದ ಮುಟೊಂಬೊ ಅವರು ಆ ಸ್ಥಾನದಲ್ಲಿ ನಿಂತರು. ಗೆಲುವಿನ ಸಾಲು 22ಕ್ಕೆ ಮುಟ್ಟಿತು.

ಅಷ್ಟುಹೊತ್ತಿಗೆ ಮಸೀನಾದಲ್ಲಿ ಆಸ್ಪತ್ರೆಯು ಎದ್ದು ನಿಂತಿದ್ದಿತು. 2006ರಲ್ಲಿ ಪ್ರಾರಂಭೋತ್ಸವ, 2007ರಲ್ಲಿ ರೋಗಿಗಳಿಗೆ ಬಾಗಿಲು ತೆರೆಯಿತು. ‘ಬಿಯಾಂಬಾ ಮರೀ ಮುಟೊಂಬೊ ಆಸ್ಪತ್ರೆ’ ಎಂದು ಹೆಸರು, 300 ಹಾಸಿಗೆಗಳು. ಒಟ್ಟು ವೆಚ್ಚವಾದ 2 ಕೋಟಿ 90 ಲಕ್ಷ ಡಾಲರುಗಳಲ್ಲಿ 1½ ಕೋಟಿಯಷ್ಟು ಮುಟೊಂಬೊ ಅವರ ಸ್ವಂತದ್ದು. ಆ ಸೀಮೆಯಲ್ಲಿ ಸುಮಾರು 40 ವರ್ಷಗಳಿಂದ ಅಂಥ ಹೊಸ ಬಗೆಯ ವೈದ್ಯಶಾಲೆಯೊಂದು ಕಟ್ಟಲ್ಪಟ್ಟಿರಲಿಲ್ಲ; ಎಂದರೆ ಆಸ್ಪತ್ರೆಯನ್ನು ಕಟ್ಟಿಸಿದವರ ಆಯುಸ್ಸಿನಷ್ಟು ಕಾಲ. ಹೆರಿಗೆ, ಮಕ್ಕಳ ಕಾಯಿಲೆ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಅಲ್ಲಿ ಏರ್ಪಾಡುಂಟು. ಅಂದಿನಿಂದ ಲಕ್ಷಗಟ್ಟಲೆ ಜನ ಅಲ್ಲಿ ಚಿಕಿತ್ಸೆ ಹೊಂದಿರುವರು. 2007ನೆಯ ಜನವರಿ 23ರಂದು ಅಮೆರಿಕಾದ ಅಧ್ಯಕ್ಷ ಜಾರ್ಜ್ ಬುಷ್ ಅವರು ಶಾಸನಸಭೆಯ ಮುಂದೆ ವಾರ್ಷಿಕ ಭಾಷಣ ಮಾಡುತ್ತ, ಉಪ್ಪರಿಗೆಯಲ್ಲಿ ಕುಳಿತಿದ್ದ ಮುಟೊಂಬೊ ಅವರನ್ನು ಹೆಸರು ಹಿಡಿದು ಕೊಂಡಾಡಿದರು. ಸಭೆಯೆಲ್ಲ ಎದ್ದು ನಿಂತಿತು. ಹಿಂದೆ ಅದೇ ಶಾಸನಸಭೆಯಲ್ಲಿ ಉಮೇದುವಾರನಾಗಿ ಕಾಗದಪತ್ರ ಹೊತ್ತಿದ್ದ ಹುಡುಗನು ಇವರೇ ಎಂದು ಆ ಸಭೆಯಲ್ಲಿ ಎಷ್ಟು ಮಂದಿಗೆ ತಿಳಿದಿದ್ದಿತೋ!

2009ರ ಏಪ್ರಿಲಿನಲ್ಲಿ ಪೋರ್ಟ್‌ಲೆಂಡ್ ತಂಡದ ಎದುರು ಪ್ರಶಸ್ತಿಯ ಸುತ್ತಿನ ಎರಡನೆಯ ಆಟದಲ್ಲಿ ಅವರ ಮೊಳಕಾಲಿನ ಸ್ನಾಯು ಹರಿಯಿತು. ಡೋಲಿಯ ಮೇಲೆ ಅಂಗಳದಿಂದ ಹೊತ್ತೊಯ್ದರು. 18 ವರ್ಷಗಳ, 1,196 ಆಟಗಳ ವೃತ್ತಿಯು ಅಲ್ಲಿಗೆ ಮುಗಿಯಿತು. ಆಗ ಅವರಿಗೆ 42 ವರ್ಷ. ಬಳಿಕ ಕೂಟದವರು ಅವರನ್ನು ತಮ್ಮ ರಾಯಭಾರಿಯಾಗಿ ದೇಶವಿದೇಶಗಳಿಗೆ ಕಳುಹಿಸುತ್ತಿದ್ದರು. ಒಂಬತ್ತು ಭಾಷೆಗಳನ್ನಾಡಬಲ್ಲವರಿಗೆ ಆ ಕೆಲಸವು ಒಪ್ಪುವಂಥದೇ. 2013ರಲ್ಲಿ ಒಂದು ವಿಮಾಕಂಪೆನಿಯ ಜಾಹೀರಾತಿನಲ್ಲಿ, ಕಸದ ಬುಟ್ಟಿಗೆ ಕಾಗದದ ಉಂಡೆ ಎಸೆಯುವವರನ್ನೂ ತಡೆದು ಅವರು ಬೆರಳಾಡಿಸಿದರು. ಆಟ ನೋಡದವರಿಗೂ ಆ ಬೆರಳು ಪರಿಚಿತವಾಯಿತು. 2015ರಲ್ಲಿ, ಆಟವು ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಇರುವ ಕೀರ್ತಿಶಾಲಿಗಳ ಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು. ಅಟ್ಲಾಂಟಾ ಮತ್ತು ಡೆನ್ವರ್ ತಂಡದವರು ಅವರ 55ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರೂ ತೊಡದಂತೆ ಮೀಸಲಿಟ್ಟರು. ತಾಯಿಯ ಹೆಸರಿನಲ್ಲಿ ಆಸ್ಪತ್ರೆಯಾಗಿದ್ದಿತಷ್ಟೆ; ಮೇಷ್ಟರಾಗಿದ್ದ ತಂದೆಯ ಹೆಸರಿನಲ್ಲಿ ಕಾಂಗೋದ ಎಂಬೂಜಿ-ಮಾಯಿ ನಗರದ ಬಳಿ ಒಂದು ಶಾಲೆಯನ್ನು ಕಟ್ಟಿಸಿದರು.

2022ರ ಅಕ್ಟೋಬರಿನಲ್ಲಿ ಅವರ ಮಿದುಳಿನಲ್ಲಿ ಗಡ್ಡೆಯಾಗಿರುವುದೆಂದೂ ಅಟ್ಲಾಂಟಾದಲ್ಲಿ ಚಿಕಿತ್ಸೆ ನಡೆದಿರುವುದೆಂದೂ ಪ್ರಕಟವಾಯಿತು. ಎರಡು ವರ್ಷ ರೋಗದೊಡನೆ ಸೆಣಸಿ, 2024ನೆಯ ಸೆಪ್ಟೆಂಬರ್ 30ರಂದು 58ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಮಗ ರಯನ್, ತಂದೆಯಂತೆಯೇ ಏಳಡಿಯನ್ನು ಮೀರಿದವರು, 2021ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯವನ್ನು ಸೇರಿ ಅಲ್ಲಿಯ ತಂಡದಲ್ಲಿ ಆಡಿದರು. ಆಗ ಅಲ್ಲಿ ಆಟದ ಶಿಕ್ಷಕರಾಗಿದ್ದವರು ಪ್ಯಾಟ್ರಿಕ್ ಯೂಯಿಂಗ್, ಒಂದು ಕಾಲದಲ್ಲಿ ಆ ಹುಡುಗನ ತಂದೆಯೊಡನೆ ಬಳೆಯ ಕೆಳಗೆ ಹೆಗಲಿಗೆ ಹೆಗಲುಕೊಟ್ಟು ನೂಕಾಡಿದ ಎದುರಾಳಿ.